ಪೆಟ್ಟುಲೆಕ್ಕ: ಪಾಯಕ್ಕೆ ಮುನ್ನ ಮಣ್ಣನ್ನು ಅಳೆಯುವ ಪರೀಕ್ಷೆ

ಕಟ್ಟಡದ ಭಾರವನ್ನೆಲ್ಲ ಕೊನೆಗೆ ಹೊರುವುದು ಮಣ್ಣು. ಕಬ್ಬಿಣ, ಸಿಮೆಂಟು ಕಾರ್ಖಾನೆಯಲ್ಲಿ ತಯಾರಾಗುತ್ತವೆ, ಬೇಕಾದ ದರ್ಜೆಯದನ್ನು ಕೇಳಿ ತರಿಸಿಕೊಳ್ಳಬಹುದು. ಮಣ್ಣು ಮಾತ್ರ ಸೈಟಿನಲ್ಲಿ ಹೇಗಿದೆಯೋ ಹಾಗೆಯೇ ಸಿಗುತ್ತದೆ. ಅದು ಎಷ್ಟು ಭಾರ ತಾಳೀತು, ಭಾರ ಬಿದ್ದ ಮೇಲೆ ಎಷ್ಟು ಇಳಿದೀತು ಎಂಬುದು ಗೊತ್ತಾಗದೆ ಪಾಯದ ಅಗಲವನ್ನಾಗಲಿ ಆಳವನ್ನಾಗಲಿ ನಿಶ್ಚಯಿಸಲಾಗದು. ಇದನ್ನು ತಿಳಿಯಲು ನಮ್ಮಲ್ಲಿ ಅತಿ ಹೆಚ್ಚು ಬಳಸುವ ಪರೀಕ್ಷೆಯೇ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್. ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅದು ಎಸ್‌ಪಿಟಿ.

ಉಕ್ಕಿನ ಕೊಳವೆಯೊಂದನ್ನು ಮಣ್ಣಿಗೆ 30 ಸೆಂಟಿಮೀಟರ್ ಇಳಿಸಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುವುದು, ಅಷ್ಟೇ ಅದರ ಸಾರ. ಒಂದು ಶತಮಾನದಿಂದ ಅದು ಉಳಿದು ಬಂದಿರುವುದು ಈ ಸರಳತೆಯಿಂದಲೇ. ಜನ ಅದನ್ನು ಹಗುರವಾಗಿ ಕಾಣುವುದಕ್ಕೂ ಇದೇ ಕಾರಣ. ಎಣಿಸಿದ ಪೆಟ್ಟಿನಲ್ಲಿ ಮಣ್ಣಿನ ಪಾಲು ಎಷ್ಟು, ಹೊಡೆದ ಯಂತ್ರದ ಪಾಲು ಎಷ್ಟು, ಕೊರೆದ ತೂತಿನ ಪಾಲು ಎಷ್ಟು ಎಂದು ಬಿಡಿಸಿ ನೋಡದಿದ್ದರೆ ವರದಿಯ ಅಂಕೆಗೆ ಬೆಲೆ ಇಲ್ಲ.

ಸೈಟಿನಲ್ಲಿ ನಡೆಯುವುದು

ಮೂರು ಕಾಲಿನ ಟ್ರೈಪಾಡ್, ಅದರ ತಲೆಯಲ್ಲಿ ರಾಟೆ, ಪಕ್ಕದಲ್ಲಿ ಡೀಸೆಲ್ ವಿಂಚು, ನಾಲ್ಕೈದು ಜನ ಕೆಲಸಗಾರರು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಸರಂಜಾಮು ಇಷ್ಟೇ. ಮೊದಲು ಸುಮಾರು 100ರಿಂದ 150 ಮಿಲಿಮೀಟರ್ ವ್ಯಾಸದ ತೂತು ಕೊರೆಯುತ್ತಾರೆ. ಗೋಡೆ ಕುಸಿಯುವ ಮಣ್ಣಾದರೆ ಕೇಸಿಂಗ್ ಪೈಪು ಇಳಿಸುತ್ತಾರೆ, ಇಲ್ಲವೇ ಬೆಂಟೊನೈಟ್ ರಾಡಿ ತುಂಬಿ ಗೋಡೆಯನ್ನು ನಿಲ್ಲಿಸುತ್ತಾರೆ. ಬೇಕಾದ ಆಳ ಬಂದಾಗ ತಳದ ಸಡಿಲ ಮಣ್ಣನ್ನು ತೆಗೆದು, ರಾಡಿನ ತುದಿಗೆ ಸ್ಪ್ಲಿಟ್ ಸ್ಪೂನ್ ಸಿಕ್ಕಿಸಿ ಇಳಿಬಿಡುತ್ತಾರೆ. ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಉಕ್ಕಿನ ಕೊಳವೆ ಇದು. ಹೊರ ವ್ಯಾಸ 50.8 ಮಿಲಿಮೀಟರ್, ಒಳ ವ್ಯಾಸ 35 ಮಿಲಿಮೀಟರ್.

ಮೇಲೆ ಚಾಚಿಕೊಂಡ ರಾಡಿನ ಮೇಲೆ 15 ಸೆಂಟಿಮೀಟರಿಗೊಂದರಂತೆ ಸೀಮೆಸುಣ್ಣದ ಗುರುತು ಹಾಕುತ್ತಾರೆ, ಒಟ್ಟು 45 ಸೆಂಟಿಮೀಟರ್. ಆಮೇಲೆ 63.5 ಕಿಲೋ ತೂಕದ ಗುಂಡನ್ನು 75 ಸೆಂಟಿಮೀಟರ್ ಎತ್ತಿ ಬಿಡುವುದು, ಎಣಿಸುವುದು. ಪ್ರತಿ ಗುರುತು ಮುಳುಗಲು ಎಷ್ಟು ಪೆಟ್ಟು ಬಿತ್ತು ಎಂದು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಕೊರೆಯುವಾಗ ಕಲಕಿದ ಮಣ್ಣು ಅಲ್ಲಿರುತ್ತದೆ. ಉಳಿದ ಎರಡರ ಮೊತ್ತವೇ ಎನ್ ಅಂಕೆ. ಮೂರು ಗುರುತಿಗೆ ಕ್ರಮವಾಗಿ 6, 9, 12 ಪೆಟ್ಟು ಬಿದ್ದಿದ್ದರೆ ಎನ್ ಅಂಕೆ 21. ಒಂದು 15 ಸೆಂಟಿಮೀಟರಿಗೇ 50 ಪೆಟ್ಟು ಮೀರಿದರೆ, ಅಥವಾ 30 ಸೆಂಟಿಮೀಟರಿಗೆ 100 ಮೀರಿದರೆ, ಅದನ್ನು ರಿಫ್ಯೂಸಲ್ ಎಂದು ಬರೆದು ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಪ್ರತಿ ಒಂದೂವರೆ ಮೀಟರಿಗೆ, ಮತ್ತು ಮಣ್ಣು ಬದಲಾದಲ್ಲೆಲ್ಲ, ಇದನ್ನೇ ಮತ್ತೆ ಮಾಡಬೇಕು. ಭಾರತದಲ್ಲಿ ಇದಕ್ಕೆ ನಿಯಮ ಹಾಕಿರುವುದು ಐಎಸ್ 2131, 1981ರ ಆವೃತ್ತಿ.

ಸ್ಪೂನನ್ನು ಮೇಲೆತ್ತಿ ಬಿಚ್ಚಿದರೆ ಆ ಆಳದ ಮಣ್ಣು ಕಣ್ಣೆದುರು. ಎಸ್‌ಪಿಟಿಯ ದೊಡ್ಡ ಉಪಕಾರ ಇದು: ಅಂಕೆಯ ಜೊತೆಗೆ ಮಣ್ಣೂ ಸಿಗುತ್ತದೆ, ಬಣ್ಣ ನೋಡಬಹುದು, ಬೆರಳಲ್ಲಿ ಉಜ್ಜಿ ನೋಡಬಹುದು, ಲ್ಯಾಬಿಗೆ ಕಳಿಸಿ ಜರಡಿ ಹಿಡಿಸಬಹುದು. ಆದರೆ ಈ ಕೊಳವೆಯ ಗೋಡೆ ದಪ್ಪ. ಒಳಗೆ ಹಿಡಿಯುವ ಮಣ್ಣಿನ ಕೊಯ್ತಕ್ಕಿಂತ ಉಕ್ಕಿನ ಕೊಯ್ತವೇ ಹೆಚ್ಚು, ಸುಮಾರು ಶೇಕಡಾ 110. ಹಾಗಾಗಿ ಒಳಗೆ ಬಂದದ್ದು ಜಜ್ಜಿಹೋದ ಮಣ್ಣು. ಅದರಿಂದ ಮಣ್ಣಿನ ಜಾತಿ ತಿಳಿಯಬಹುದೇ ಹೊರತು ಅದರ ಬಲ ಅಥವಾ ಕುಗ್ಗುವಿಕೆಯನ್ನಲ್ಲ. ಜೇಡಿಮಣ್ಣಿನಲ್ಲಿ ಆ ಪರೀಕ್ಷೆಗಳು ಬೇಕಿದ್ದರೆ ತೆಳುಗೋಡೆಯ ಬೇರೆ ಕೊಳವೆಯನ್ನು ನಿಧಾನವಾಗಿ ಒತ್ತಿ ಮಾದರಿ ತೆಗೆಯಬೇಕು.

ಬಾಸ್ಟನ್ನಿನಲ್ಲಿ ಹುಟ್ಟಿದ ಅಳತೆ

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಮೆರಿಕದಲ್ಲಿ ನೀರು ಚಿಮ್ಮಿಸಿ ತೂತು ಕೊರೆಯುವುದು ರೂಢಿ. ನೀರಿನ ಜೊತೆ ಮೇಲೆ ಬರುವ ರಾಡಿಯನ್ನು ನೋಡಿ ಕೆಳಗೆ ಇಂಥ ಮಣ್ಣಿದೆ ಎಂದು ಊಹಿಸುತ್ತಿದ್ದರು. ನೀರಲ್ಲಿ ಕಲಸಿದ ಜೇಡಿ ಯಾವುದು, ಹೂಳು ಯಾವುದು ಎಂದು ಯಾರು ತಾನೆ ಹೇಳಬಲ್ಲರು? 1902ರಲ್ಲಿ ಬಾಸ್ಟನ್ನಿನ ಗುತ್ತಿಗೆದಾರ ಚಾರ್ಲ್ಸ್ ಗೌ ಒಂದು ಇಂಚಿನ ಕೊಳವೆಯನ್ನು ತೂತಿನ ತಳಕ್ಕೆ ಬಡಿದು ಇಳಿಸಿ ಒಣ ಮಾದರಿ ತೆಗೆಯತೊಡಗಿದ. ಉದ್ದೇಶ ಮಾದರಿಯದ್ದು, ಪೆಟ್ಟೆಣಿಸುವುದಲ್ಲ. ಗಟ್ಟಿ ಮಣ್ಣಿಗೆ ಹೆಚ್ಚು ಬಡಿಯಬೇಕು ಎಂಬುದನ್ನು ಕೆಲಸ ಮಾಡುವವರು ಗಮನಿಸದಿರುತ್ತಾರೆಯೇ?

1920ರ ದಶಕದ ಕೊನೆಗೆ ರೇಮಂಡ್ ಕಾಂಕ್ರೀಟ್ ಪೈಲ್ ಕಂಪನಿಯ ಕೆಲಸಗಳಲ್ಲಿ ಎರಡು ಇಂಚಿನ ಸ್ಪ್ಲಿಟ್ ಸ್ಪೂನ್ ಬಂತು. ಅಲ್ಲಿನ ಹ್ಯಾರಿ ಮೋರ್ 140 ಪೌಂಡಿನ ಗುಂಡು, 30 ಇಂಚಿನ ಬೀಳು ಎಂದು ಪದ್ಧತಿ ಗೊತ್ತುಮಾಡಿದರು. ಇಂದಿನ 63.5 ಕಿಲೋ ಎಂಬ ವಿಚಿತ್ರ ತೂಕ ಆ 140 ಪೌಂಡೇ. 1947ರಲ್ಲಿ ಕಾರ್ಲ್ ಟೆರ್ಜಾಗಿ ಟೆಕ್ಸಸಿನ ಸಮ್ಮೇಳನವೊಂದರಲ್ಲಿ ಇದನ್ನು ಸ್ಟ್ಯಾಂಡರ್ಡ್ ಎಂದು ಕರೆದರು, ಮರುವರ್ಷ ಅವರೂ ರಾಲ್ಫ್ ಪೆಕ್ಕರೂ ಸೇರಿ ಬರೆದ ಪಠ್ಯಪುಸ್ತಕದಲ್ಲಿ ಎನ್ ಅಂಕೆಯಿಂದ ಪಾಯ ಲೆಕ್ಕ ಹಾಕುವ ನಕ್ಷೆಗಳು ಪ್ರಕಟವಾದವು. ಅಮೆರಿಕದ ಎಎಸ್‌ಟಿಎಂ ಮಾನಕ ಬಂದದ್ದು 1958ರಲ್ಲಿ. ಅಂದರೆ ಮಾನಕಕ್ಕಿಂತ ಮೊದಲೇ ನಕ್ಷೆ ಬಂದಿತ್ತು, ಒಬ್ಬೊಬ್ಬರು ಒಂದೊಂದು ರೀತಿ ಹೊಡೆದ ಪೆಟ್ಟುಗಳನ್ನು ಒಂದೇ ನಕ್ಷೆಯಲ್ಲಿ ಓದಿಯಾಗಿತ್ತು. ಈ ಹುಟ್ಟುದೋಷವನ್ನು ಸರಿಪಡಿಸುವುದರಲ್ಲಿ ಮುಂದಿನ ನಾಲ್ಕು ದಶಕ ಹೋದವು.

ಅಂಕೆ ಹೇಳುವುದು

ಮರಳಿನಲ್ಲಿ ಎನ್ ಅಂಕೆ 4ಕ್ಕಿಂತ ಕಡಿಮೆ ಇದ್ದರೆ ಅತಿ ಸಡಿಲ, 4ರಿಂದ 10 ಸಡಿಲ, 10ರಿಂದ 30 ಮಧ್ಯಮ, 30ರಿಂದ 50 ಸಾಂದ್ರ, ಅದಕ್ಕೆ ಮೇಲ್ಪಟ್ಟು ಅತಿ ಸಾಂದ್ರ. ಜೇಡಿಗೆ ಬೇರೆ ಪಟ್ಟಿ: 2ಕ್ಕಿಂತ ಕಡಿಮೆಯಾದರೆ ಬೆರಳು ತೂರುವಷ್ಟು ಮೆತ್ತಗೆ, 4ರಿಂದ 8 ಮಧ್ಯಮ, 15 ದಾಟಿದರೆ ಬಹಳ ಬಿಗಿ, 30 ದಾಟಿದರೆ ಕಠಿಣ. ಒಂದೇ 12 ಎಂಬ ಅಂಕೆ ಮರಳಿನಲ್ಲಿ ಸಾಧಾರಣ, ಜೇಡಿಯಲ್ಲಿ ಒಳ್ಳೆಯದು. ಮಣ್ಣು ಯಾವುದೆಂದು ಹೇಳದೆ ಬರೀ ಅಂಕೆ ಹೇಳಿದರೆ ಅದು ಅರ್ಧ ಮಾತು.

ಈ ಎರಡು ಪಟ್ಟಿಗೂ ಸಮಾನ ಮರ್ಯಾದೆ ಕೊಡಲು ಬರುವುದಿಲ್ಲ. ಮರಳನ್ನು ಕಲಕದೆ ಮೇಲೆ ತರುವುದು ಹೆಚ್ಚುಕಡಿಮೆ ಅಸಾಧ್ಯವಾದ್ದರಿಂದ ಅಲ್ಲಿ ಎಸ್‌ಪಿಟಿಗೆ ಬದಲಿಗಳು ಕಡಿಮೆ. ಐಎಸ್ 6403 ಭಾರ ತಾಳುವ ಶಕ್ತಿಗೂ, ಐಎಸ್ 8009 ಇಳಿತದ ಲೆಕ್ಕಕ್ಕೂ ಮರಳಿನಲ್ಲಿ ಎನ್ ಅಂಕೆಯನ್ನೇ ಹಿಡಿಯುತ್ತವೆ. ಜೇಡಿಯಲ್ಲಿ ಹಾಗಲ್ಲ. ಮೆತ್ತನೆಯ ಜೇಡಿಯಲ್ಲಿ ಕೆಲವೊಮ್ಮೆ ರಾಡು ಮತ್ತು ಗುಂಡಿನ ಸ್ವಂತ ತೂಕಕ್ಕೇ ಸ್ಪೂನ್ ಇಳಿದುಬಿಡುತ್ತದೆ, ಎನ್ ಸೊನ್ನೆ. ಸೊನ್ನೆಗೂ ಎರಡಕ್ಕೂ ನಡುವೆ ಇರುವ ವ್ಯತ್ಯಾಸವನ್ನು 63.5 ಕಿಲೋ ಗುಂಡು ಅಳೆಯಲಾರದು. ಅಲ್ಲಿ ನಾಲ್ಕು ರೆಕ್ಕೆಯ ಕಡ್ಡಿಯನ್ನು ಮಣ್ಣೊಳಗೆ ತಿರುಗಿಸಿ ಬಲ ಅಳೆಯುವ ವೇನ್ ಪರೀಕ್ಷೆಯನ್ನು ನಂಬಬೇಕು.

ವರದಿಯ ಕೊನೆಗೆ ಬರುವ ಎಸ್‌ಬಿಸಿ, ಅಂದರೆ ಸುರಕ್ಷಿತ ಭಾರಧಾರಣ ಶಕ್ತಿ, ಮಣ್ಣಿನ ಹುಟ್ಟುಗುಣವೇನಲ್ಲ. ಮೇಸ್ತ್ರಿಗಳು, ಕೆಲವು ಎಂಜಿನಿಯರರೂ, ‘ಈ ಏರಿಯಾದ ಎಸ್‌ಬಿಸಿ ಇಷ್ಟು’ ಎಂದುಬಿಡುತ್ತಾರೆ. ಒಂದೇ ಮಣ್ಣಿನ ಮೇಲೆ ಒಂದೂವರೆ ಮೀಟರ್ ಪಾಯಕ್ಕೆ ಒಂದು ಉತ್ತರ, ಮೂರು ಮೀಟರ್ ಪಾಯಕ್ಕೆ ಇನ್ನೊಂದು. ಅಂತರ್ಜಲ ಪಾಯದ ತಳಕ್ಕೆ ಏರಿದರೆ ಮರಳಿನಲ್ಲಿ ಅದು ಅರ್ಧಕ್ಕೆ ಹತ್ತಿರ ಇಳಿಯಬಹುದು. ಕಟ್ಟಡ ಎಷ್ಟು ಇಳಿತವನ್ನು ಸಹಿಸೀತು ಎಂಬುದರ ಮೇಲೂ ಅದು ನಿಂತಿದೆ. ಟೆರ್ಜಾಗಿ ಮತ್ತು ಪೆಕ್ ತಮ್ಮ ನಕ್ಷೆಯನ್ನು ಬರೆದದ್ದೇ 25 ಮಿಲಿಮೀಟರ್ ಇಳಿತಕ್ಕೆ ಎಂದು. ಆ ನಕ್ಷೆ ಅತಿ ಜಾಗರೂಕತೆಯದು ಎಂದು ಕಂಡು ಮೇಯರ್‌ಹಾಫ್ 1965ರಲ್ಲಿ ಅದರ ಒತ್ತಡಗಳನ್ನು ಶೇಕಡಾ 50ರಷ್ಟು ಏರಿಸಬಹುದು ಎಂದರು.

ಅಂಕೆ ಕೆಡುವ ಬಗೆಗಳು

ಪರೀಕ್ಷೆಯ ನಿಜವಾದ ಕಥೆ ಇರುವುದು ಇಲ್ಲಿ. 63.5 ಕಿಲೋ ಗುಂಡು 75 ಸೆಂಟಿಮೀಟರಿನಿಂದ ಬಿದ್ದರೆ ಕಾಗದದ ಮೇಲೆ 467 ಜೂಲ್ ಶಕ್ತಿ. ಅಷ್ಟೂ ರಾಡಿಗೆ ದಾಟುವುದಿಲ್ಲ. ಹಗ್ಗವನ್ನು ತಿರುಗುವ ಡ್ರಮ್ಮಿಗೆ ಎರಡು ಸುತ್ತು ಸುತ್ತಿ, ಎಳೆದು, ಸಡಿಲ ಬಿಡುವ ಪದ್ಧತಿಯಲ್ಲಿ ಗುಂಡು ಬೀಳುವಾಗ ಹಗ್ಗವನ್ನೂ ಎಳೆದುಕೊಂಡೇ ಬೀಳಬೇಕು. ಮೂರನೆಯ ಸುತ್ತು ಹಾಕಿದರೆ ಘರ್ಷಣೆ ಇನ್ನೂ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ದಣಿದ ಕೈ 75ರ ಬದಲು 65 ಸೆಂಟಿಮೀಟರ್ ಎತ್ತಿದರೂ ಪುಸ್ತಕದಲ್ಲಿ ಅದು ಒಂದು ಪೆಟ್ಟೇ. ಹಳೆಯ ಡೋನಟ್ ಗುಂಡು ಹಗ್ಗದಿಂದ ಬಿದ್ದಾಗ ಶೇಕಡಾ 45ರ ಆಸುಪಾಸು ಶಕ್ತಿ ದಾಟಿದರೆ, ತಾನೇ ಎತ್ತಿ ತಾನೇ ಬಿಡುವ ಸ್ವಯಂಚಾಲಿತ ಗುಂಡಿನಲ್ಲಿ ಶೇಕಡಾ 80, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಶೇಕಡಾ 60 ಶಕ್ತಿಯಲ್ಲಿ 15 ಪೆಟ್ಟು ಬೇಡುವ ಮಣ್ಣು ಹಗ್ಗದ ಗುಂಡಿಗೆ 20 ತೋರಿಸುತ್ತದೆ, ಸ್ವಯಂಚಾಲಿತ ಗುಂಡಿಗೆ 11. ಮಣ್ಣು ಅದೇ. ಒಂದು ವರದಿ ಗಟ್ಟಿ ಎನ್ನುತ್ತದೆ, ಇನ್ನೊಂದು ಸಾಧಾರಣ ಎನ್ನುತ್ತದೆ. ಇದನ್ನು ಒಂದೇ ತಕ್ಕಡಿಗೆ ತರಲೆಂದೇ 1980ರ ದಶಕದಲ್ಲಿ ಸೀಡ್, ಸ್ಕೆಂಪ್ಟನ್ ಮೊದಲಾದವರು ಶೇಕಡಾ 60 ಶಕ್ತಿಯ ಎನ್60 ಎಂಬ ಅಂಕೆಯನ್ನು ರೂಢಿಗೆ ತಂದರು. ದುಬಾರಿ ಯಂತ್ರ ತಂದವನ ವರದಿಯಲ್ಲಿ ಮಣ್ಣು ಮೆತ್ತಗೆ ಕಾಣುತ್ತದೆ, ಹಗ್ಗದವನ ವರದಿಯಲ್ಲಿ ಗಟ್ಟಿಯಾಗಿ. ಯಾವ ವರದಿ ಮಾಲೀಕನಿಗೆ ಇಷ್ಟವಾದೀತು ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ದೊಡ್ಡ ಕೇಡು ನೀರಿನಿಂದ. ಅಂತರ್ಜಲದ ಕೆಳಗೆ ಮರಳಿನಲ್ಲಿ ಕೊರೆಯುವಾಗ ತೂತಿನೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಳಗಿದ್ದರೆ ಹೊರಗಿನ ನೀರು ತಳದಿಂದ ಉಕ್ಕಿ ಮರಳನ್ನು ಕುದಿಸುತ್ತದೆ. ಸಾಂದ್ರವಾದ ಮರಳೂ ಸಡಿಲಗೊಂಡು ಅಂಕೆ ಬೀಳುತ್ತದೆ. ಅದಕ್ಕೇ ತೂತಿನಲ್ಲಿ ನೀರನ್ನು ಅಂತರ್ಜಲದ ಮಟ್ಟಕ್ಕೆ, ಸ್ವಲ್ಪ ಮೇಲಕ್ಕೇ, ತುಂಬಿಟ್ಟಿರಬೇಕು. ತಳ ಶುಚಿ ಮಾಡದಿದ್ದರೆ ಅಂಕೆ ಸುಳ್ಳು, ಸ್ಪೂನಿನ ಬಾಯಿ ಮೊಂಡಾಗಿದ್ದರೆ ಸುಳ್ಳು. ಬಾಯಿಗೆ ಒಂದು ಜಲ್ಲಿ ಸಿಕ್ಕಿಕೊಂಡರಂತೂ ಸಡಿಲ ಮಣ್ಣಿಗೂ 50 ಬರುತ್ತದೆ.

ಇವು ಕೈತಪ್ಪುಗಳು. ಇವಿಲ್ಲದೆಯೂ ಎರಡು ತಿದ್ದುಪಡಿ ಬೇಕು. ಒಂದೇ ಸಾಂದ್ರತೆಯ ಮರಳು ಆಳದಲ್ಲಿ ಮೇಲಿನ ಮಣ್ಣಿನ ಭಾರದಿಂದ ಬಿಗಿದುಕೊಂಡು ಹೆಚ್ಚು ಪೆಟ್ಟು ಬೇಡುತ್ತದೆ. ಹಾಗಾಗಿ ಮೇಲ್ಪದರದ ಅಂಕೆಯನ್ನು ಹೆಚ್ಚಿಸಿ, ಆಳದ್ದನ್ನು ತಗ್ಗಿಸಿ, ಎಲ್ಲವನ್ನೂ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡದ ಮಟ್ಟಕ್ಕೆ ತರುತ್ತಾರೆ. ಎರಡನೆಯದು ನೀರಿನಡಿಯ ನಯವಾದ, ಹೂಳು ಬೆರೆತ ಮರಳಿಗೆ. ತಟ್ಟನೆ ಬಿದ್ದ ಪೆಟ್ಟಿಗೆ ಅದು ಉಬ್ಬಲು ನೋಡುತ್ತದೆ, ನೀರು ಒಳಬರಲು ಪುರುಸೊತ್ತಿಲ್ಲ, ಕ್ಷಣಕಾಲ ಇಲ್ಲದ ಬಲ ತೋರಿಸುತ್ತದೆ. ಅಂಥಲ್ಲಿ 15ಕ್ಕಿಂತ ಮೇಲಿನ ಅಂಕೆಯ ಹೆಚ್ಚಳವನ್ನು ಅರ್ಧ ಮಾಡಬೇಕು. 25 ಬಂದಿದ್ದರೆ 20 ಎಂದು ಓದಬೇಕು.

ಟ್ರಾನ್ಸ್‌ಕೋನಾದ ಕಣಜ

ಕೆನಡಾದ ವಿನ್ನಿಪೆಗ್ ಹತ್ತಿರದ ಟ್ರಾನ್ಸ್‌ಕೋನಾದಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆ ಹತ್ತು ಲಕ್ಷ ಬುಶೆಲ್ ಧಾನ್ಯ ಹಿಡಿಯುವ ಕಾಂಕ್ರೀಟ್ ಕಣಜ ಕಟ್ಟಿಸಿತು. ಐದು ಸಾಲಿನಲ್ಲಿ 65 ದುಂಡು ಗೂಡುಗಳು, ಅಡಿಗೆ ಒಂದೇ ಹಾಸಿನ ಪಾಯ, ಅಂದರೆ ರಾಫ್ಟ್, ಸುಮಾರು 23 ಮೀಟರ್ ಅಗಲ, 59 ಮೀಟರ್ ಉದ್ದ. ಕಟ್ಟುವ ಮೊದಲು ಪಾಯದ ಮಟ್ಟದಲ್ಲಿ ಹಲಗೆಯಿಟ್ಟು ಭಾರ ಹೇರಿ ಪರೀಕ್ಷಿಸಿದ್ದರು, ಮಣ್ಣು ಚೆನ್ನಾಗಿಯೇ ತಾಳಿತ್ತು. 1913ರ ಸೆಪ್ಟೆಂಬರಿನಲ್ಲಿ ಧಾನ್ಯ ತುಂಬತೊಡಗಿದರು. ಅಕ್ಟೋಬರ್ 18ರಂದು, ಎಂಟು ಲಕ್ಷ ಎಪ್ಪತ್ತೈದು ಸಾವಿರ ಬುಶೆಲ್ ಆಗಿದ್ದಾಗ, ಕಣಜ ಇಳಿಯತೊಡಗಿತು. ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿ ಒರಗಿಕೊಂಡಿತು. ಕಾಂಕ್ರೀಟು ಮಾತ್ರ ಗಟ್ಟಿಮುಟ್ಟು. ಧಾನ್ಯ ಖಾಲಿ ಮಾಡಿ, ಕೆಳಗಿನ ಬಂಡೆಯವರೆಗೆ ಕಂಬಗಳನ್ನಿಳಿಸಿ, ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿ ದಶಕಗಳ ಕಾಲ ಬಳಸಿದರು.

ಕಾರಣ ನಿಖರವಾಗಿ ತಿಳಿದದ್ದು 1950ರ ದಶಕದ ಆರಂಭದಲ್ಲಿ, ರಾಲ್ಫ್ ಪೆಕ್ ಮೊದಲಾದವರು ಪಕ್ಕದಲ್ಲಿ ಬೋರ್ ಹೊಡೆಸಿದಾಗ. ಮೇಲೆ ಬಿಗಿಯಾದ ಜೇಡಿ, ಅದರ ಕೆಳಗೆ ಹೆಚ್ಚು ಮೆತ್ತನೆಯ ಜೇಡಿ. ಪರೀಕ್ಷೆಯ ಹಲಗೆಯ ಒತ್ತಡ ಅದರ ಅಗಲದ ಎರಡರಷ್ಟು ಆಳಕ್ಕೆ ಹೋಗಿ ಕರಗಿಬಿಡುತ್ತದೆ. 23 ಮೀಟರ್ ರಾಫ್ಟಿನ ಒತ್ತಡ ಪೂರ್ತಿ ಕೆಳಪದರವನ್ನು ಹಿಡಿದು ಅದುಮಿತ್ತು. ಮೇಲಿನ ಒಂದೆರಡು ಮೀಟರನ್ನು ಕೇಳಿ ಇಪ್ಪತ್ತು ಮೀಟರಿನ ಬಗ್ಗೆ ತೀರ್ಮಾನ ಮಾಡಿದ್ದರು.

ಎಷ್ಟು ಆಳ, ಎಷ್ಟು ತೂತು

ಟ್ರಾನ್ಸ್‌ಕೋನಾದ ಪಾಠವೇ ಇಂದಿನ ನಿಯಮದ ತಳದಲ್ಲಿದೆ. ಚೌಕ ಪಾಯದಡಿ ಒತ್ತಡ ಅದರ ಅಗಲದ ಎರಡರಷ್ಟು ಆಳದಲ್ಲಿ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಐಎಸ್ 1892 ಪಾಯದಡಿ ಕನಿಷ್ಠ ಅಗಲದ ಒಂದೂವರೆಯಷ್ಟು ಆಳವನ್ನು ತನಿಖೆ ಮಾಡಿ ಎನ್ನುತ್ತದೆ. ಎರಡು ಮೀಟರಿನ ಬಿಡಿ ಪಾಯಕ್ಕೆ ಅದು ಮೂರು ಮೀಟರ್, ಇಪ್ಪತ್ತು ಮೀಟರಿನ ರಾಫ್ಟಿಗೆ ಮೂವತ್ತು. ಬಿಡಿ ಪಾಯಗಳು ಒತ್ತೊತ್ತಾಗಿದ್ದರೆ ಅವುಗಳ ಒತ್ತಡ ಕೆಳಗೆ ಒಂದಾಗಿ ಕೂಡಿ ಇಡೀ ಕಟ್ಟಡವೇ ಒಂದು ರಾಫ್ಟಿನಂತೆ ನಡೆಯುತ್ತದೆ, ಆಗ ಅಗಲ ಎಂದರೆ ಕಟ್ಟಡದ ಅಗಲ.

ಸುಮಾರು 0.4 ಹೆಕ್ಟೇರಿನ, ಅಂದರೆ ಒಂದು ಎಕರೆಯ, ಸಾಂದ್ರ ಕಟ್ಟಡಕ್ಕೆ ನಾಲ್ಕು ಮೂಲೆಗೊಂದು, ನಡುವೆ ಒಂದು ಬೋರ್ ಅಥವಾ ಗುಂಡಿ ಸಾಕೆಂದು ಅದೇ ನಿಯಮ ಹೇಳಿತ್ತು, ಚಿಕ್ಕ ಕಟ್ಟಡಕ್ಕೆ ನಡುವೆ ಒಂದು. ನನ್ನ ಅಭಿಪ್ರಾಯದಲ್ಲಿ 30×40 ಸೈಟಿನಲ್ಲೂ ಒಂದು ಬೋರಿಗಿಂತ ಎರಡು ಲೇಸು. ಒಂದು ಬೋರ್ ಮಣ್ಣಿನ ಪದರ ತೋರಿಸುತ್ತದೆ, ಎರಡನೆಯದು ಆ ಪದರ ಓರೆಯಾಗಿದೆಯೇ ಎಂದು ತೋರಿಸುತ್ತದೆ. ಕಟ್ಟಡ ಒಂದೇ ಸಮ ಇಳಿದರೆ ಬಿರುಕು ಬಿಡುವುದು ಅಪರೂಪ, ಒಂದು ಕಡೆ ಇಳಿದಾಗಲೇ ಗೋಡೆ ಸೀಳುವುದು.

ನಮ್ಮ ನೆಲದಲ್ಲಿ

ಕರ್ನಾಟಕದ ಮಣ್ಣುಗಳು ಎನ್ ಅಂಕೆಯನ್ನು ಮೂರು ನಾಲ್ಕು ರೀತಿಯಲ್ಲಿ ಮೋಸಗೊಳಿಸುತ್ತವೆ. ಕರಾವಳಿಯಿಂದಲೇ ಶುರುಮಾಡಬಹುದು. ಮಂಗಳೂರು, ಉಡುಪಿ ಸುತ್ತ ಮೇಲೆ ಮುರಕಲ್ಲಿನ ಹೊದಿಕೆ. ಸ್ಪೂನ್ ಮೊದಲ ಮೀಟರುಗಳಲ್ಲೇ ಪುಟಿಯುತ್ತದೆ, ರಿಫ್ಯೂಸಲ್. ಗಟ್ಟಿ ಬಂತು ಎಂದು ಕೊರೆತ ನಿಲ್ಲಿಸಿದರೆ ಕೆಟ್ಟ ಹಾಗೆ. ಮುರಕಲ್ಲಿನ ಕೆಳಗೆ, ಬಂಡೆಗಿಂತ ಮೇಲೆ, ಬಿಳಿ, ಗುಲಾಬಿ, ಹಳದಿ ಬಣ್ಣದ ಹೂಳುಪ್ರಧಾನ ಮಣ್ಣು ಇರುತ್ತದೆ. ಊರವರು ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಕಡಿದ ಗೋಡೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆಯಲ್ಲಿ ಗುಡ್ಡ ಕಡಿದು ಸೈಟು ಮಾಡಿದ ಕಡೆ ಮಳೆಗಾಲದಲ್ಲಿ ಜರಿಯುವುದರಲ್ಲಿ ಇದರ ಪಾಲು ದೊಡ್ಡದು. ಸುರತ್ಕಲ್ಲಿನ ಎನ್‌ಐಟಿಕೆಯ ಸಂಶೋಧಕರು ಈ ಮಣ್ಣಿನ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತ ಬಂದಿದ್ದಾರೆ. ಮುರಕಲ್ಲನ್ನು ಕೊರೆದು ಕೆಳಗಿಳಿದು ಶೇಡಿಯಲ್ಲಿ ಎಸ್‌ಪಿಟಿ ಮಾಡದ ವರದಿ ಕರಾವಳಿಯಲ್ಲಿ ವರದಿಯೇ ಅಲ್ಲ. ಅದೂ ಬೇಸಿಗೆಯಲ್ಲಿ ಮಾಡಿದ್ದಾದರೆ ಅಂಕೆಯನ್ನು ಅನುಮಾನದಿಂದಲೇ ನೋಡಬೇಕು.

ಬಯಲುಸೀಮೆಯ ಎರೆಮಣ್ಣಿನ ಕಷ್ಟ ಬೇರೆ. ವಿಜಯಪುರ, ಗದಗ, ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ ಅದು ಒಣಗಿ ಬಿರಿದು ಕಲ್ಲಾಗಿರುತ್ತದೆ, ಎನ್ ಅಂಕೆ ಸಂತೋಷ ಕೊಡುವಷ್ಟು ದೊಡ್ಡದು. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ ಮೆತ್ತಗಾಗುತ್ತದೆ. ಇಲ್ಲಿ ಪ್ರಶ್ನೆ ಭಾರ ತಾಳುತ್ತದೆಯೇ ಎಂಬುದಕ್ಕಿಂತ ಪಾಯವನ್ನೇ ಎತ್ತಿಬಿಡುತ್ತದೆಯೇ ಎಂಬುದು. ಆ ಉಬ್ಬರವನ್ನು ಗುಂಡಿನ ಪೆಟ್ಟು ಅಳೆಯುವುದಿಲ್ಲ. ಲ್ಯಾಬಿನಲ್ಲಿ ಫ್ರೀ ಸ್ವೆಲ್ ಮತ್ತು ಉಬ್ಬರದ ಒತ್ತಡ ನೋಡಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ತಳದಲ್ಲಿ ಉಬ್ಬಿರುವ ಅಂಡರ್‌ರೀಮ್ಡ್ ಪೈಲನ್ನು ಬಳಕೆಗೆ ತಂದಿತು. ಋತುಮಾನದ ಏರಿಳಿತ ನಿಲ್ಲುವ, ಸಾಮಾನ್ಯವಾಗಿ ಮೂರೂವರೆ ಮೀಟರಿನ ಆಸುಪಾಸಿನ, ಆಳದಲ್ಲಿ ಅದು ಕಚ್ಚಿಕೊಂಡಿರುತ್ತದೆ.

ಬೆಂಗಳೂರಿನದು ನೈಸ್ ಶಿಲೆ ಶಿಥಿಲಗೊಂಡು ಆದ ಕೆಂಪು ಮಣ್ಣು. ಮೂಲತಃ ಒಳ್ಳೆಯ ಮಣ್ಣೇ. ಆದರೆ ಶಿಲೆ ಒಂದೇ ಸಮ ಕೊಳೆಯುವುದಿಲ್ಲ. ಮಣ್ಣಿನ ನಡುವೆ ಕೊಳೆಯದ ಗುಂಡುಗಳು ಉಳಿದಿರುತ್ತವೆ, ಕೆಲವು ಕಾರಿನಷ್ಟು ದೊಡ್ಡವು. ಆರು ಮೀಟರಿನಲ್ಲಿ ರಿಫ್ಯೂಸಲ್ ಬಂದರೆ ಅದು ಹಾಸುಬಂಡೆಯೋ ಬಿಡಿಗುಂಡೋ ಎಂದು ಎಸ್‌ಪಿಟಿ ಹೇಳಲಾರದು. ವಜ್ರದ ಬಿಟ್ಟು ಹಾಕಿ ಕನಿಷ್ಠ ಮೂರು ಮೀಟರ್ ಕಲ್ಲನ್ನು ಕೊರೆದು ಕೋರ್ ತೆಗೆಯಬೇಕು. ಕೋರಿನಲ್ಲಿ 10 ಸೆಂಟಿಮೀಟರ್ ಮೀರಿದ ತುಂಡುಗಳ ಒಟ್ಟು ಉದ್ದ ಕೊರೆದ ಉದ್ದದ ಶೇಕಡಾ ಎಷ್ಟು ಎಂಬ ಆರ್‌ಕ್ಯೂಡಿ ಅಂಕೆ ಅಲ್ಲಿಂದ ಮುಂದಿನ ಅಳತೆ. ಮೆಟ್ರೊ ಸುರಂಗ ಕೊರೆಯುವ ಯಂತ್ರಗಳನ್ನು ನಗರದಲ್ಲಿ ಸತಾಯಿಸಿದ್ದೂ ಈ ಮಣ್ಣು-ಬಂಡೆಯ ಬೆರಕೆಯೇ.

ನಗರದ ಮಧ್ಯೆ ಇನ್ನೊಂದು ವರ್ಗವಿದೆ: ಮುಚ್ಚಿದ ಕೆರೆಗಳು. ಧರ್ಮಾಂಬುಧಿ ಕೆರೆಯ ಅಂಗಳ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯದು ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯದು ಹಾಕಿ ಮೈದಾನ. ಹೆಸರಿಲ್ಲದ ಕುಂಟೆಗಳು, ರಾಜಕಾಲುವೆಯ ಅಂಚುಗಳು ಬಡಾವಣೆಯಾದದ್ದು ಎಷ್ಟೋ. ಅಲ್ಲಿ ಮೇಲೆ ಇಟ್ಟಿಗೆ ಚೂರು, ಕಾಂಕ್ರೀಟ್ ಉಂಡೆಗಳ ಭರ್ತಿ, ಕೆಳಗೆ ಕಪ್ಪು ಹೂಳು. ಭರ್ತಿಯಲ್ಲಿ ಸ್ಪೂನಿಗೆ ಚೂರು ಸಿಕ್ಕಿ 30, 40 ಬರುತ್ತದೆ, ಹೂಳಿನಲ್ಲಿ 3 ಅಥವಾ 4. ಸರಾಸರಿ ತೆಗೆದು 18 ಎಂದು ಬರೆದು ಪಾಯ ಹಾಕಿಸುವವರು ಇದ್ದಾರೆ. ಆ 18 ನೆಲದಲ್ಲಿ ಎಲ್ಲೂ ಇಲ್ಲದ ಅಂಕೆ. ಬೋರ್ ಹೊಡೆಯುವ ಮೊದಲು ಹಳೆಯ ಕಂದಾಯ ನಕ್ಷೆಯೊಂದನ್ನು ನೋಡುವುದು, ಊರಿನ ಹಿರಿಯರನ್ನು ಕೇಳುವುದು ತನಿಖೆಯ ಭಾಗವೇ ಹೊರತು ಹೆಚ್ಚುಗಾರಿಕೆಯಲ್ಲ.

ಡಚ್ಚರ ಕೋನ್

ಬಡಿಯುವ ಬದಲು ಒತ್ತುವುದು ಇನ್ನೊಂದು ದಾರಿ. ನೆದರ್ಲೆಂಡ್ಸಿನಲ್ಲಿ ಮೇಲೆ ಹತ್ತಾರು ಮೀಟರ್ ಮೆತ್ತನೆಯ ಜೇಡಿ ಮತ್ತು ಕೊಳೆತ ಸಸ್ಯದ ಮಣ್ಣು, ಕೆಳಗೆ ಮರಳಿನ ಪದರ. ಆಮ್‌ಸ್ಟರ್‌ಡ್ಯಾಮಿನ ಹಳೆಯ ಕಟ್ಟಡಗಳ ಮರದ ಕಂಬಗಳು ಆ ಮರಳಿಗೆ ತಾಗಿ ನಿಂತಿವೆ. ಅವರಿಗೆ ಬೇಕಾದ ಮುಖ್ಯ ಉತ್ತರ ಮರಳು ಎಷ್ಟು ಆಳದಲ್ಲಿದೆ, ಎಷ್ಟು ಗಟ್ಟಿ ಎಂಬುದು. 1932ರಲ್ಲಿ ಅಲ್ಲಿನ ಲೋಕೋಪಯೋಗಿ ಇಲಾಖೆಯ ಪೀಟರ್ ಬರೆಂಟ್ಸೆನ್ ಕೊಳವೆಯೊಳಗೆ ರಾಡಿಟ್ಟು ತುದಿಯ ಕೋನನ್ನು ನೆಲಕ್ಕೆ ಒತ್ತಿ ಎದುರೊತ್ತಡ ಅಳೆದರು. 1953ರಲ್ಲಿ ಬೆಗೆಮನ್ ಪಕ್ಕದ ಘರ್ಷಣೆಯನ್ನೂ ಅಳೆಯುವ ತೋಳನ್ನು ಸೇರಿಸಿದರು.

ಇಂದಿನ ಕೋನಿಗೆ 60 ಡಿಗ್ರಿ ಮೊನೆ, 10 ಚದರ ಸೆಂಟಿಮೀಟರ್ ಬುಡ, ಸೆಕೆಂಡಿಗೆ 2 ಸೆಂಟಿಮೀಟರ್ ವೇಗ. ಒಂದೂವರೆ ಮೀಟರಿಗೊಂದು ಅಂಕೆಯ ಬದಲು ಕೆಲವೇ ಸೆಂಟಿಮೀಟರಿಗೊಂದು ಓದು ಸಿಗುವುದರಿಂದ ಬೆರಳಗಲದ ಮೆತ್ತನೆ ಪದರವೂ ತಪ್ಪಿಸಿಕೊಳ್ಳುವುದಿಲ್ಲ. ಎಳೆಯುವ ಕೈಯ ಹಂಗಿಲ್ಲ. ಮಣ್ಣಿನ ಮಾದರಿ ಮಾತ್ರ ಸಿಗುವುದಿಲ್ಲ, ಮುರಕಲ್ಲು, ಗರಸು, ಶಿಥಿಲ ಬಂಡೆಗಳಲ್ಲಿ ಕೋನ್ ಇಳಿಯುವುದೂ ಇಲ್ಲ. ನಮ್ಮ ಒಳನಾಡಿನಲ್ಲಿ ಅದು ಕಡಿಮೆ ಕಾಣುವುದು ಅದಕ್ಕೇ. ಬಂದರು, ನದಿಮುಖಗಳ ಕೆಸರುಜೇಡಿಯಲ್ಲಿ ಅದರ ಮುಂದೆ ಎಸ್‌ಪಿಟಿ ಮಂಕು. ರಸ್ತೆಯವರು ಬಳಸುವ 8 ಕಿಲೋ ಗುಂಡಿನ ಪುಟ್ಟ ಡಿಸಿಪಿ ಈ ಕುಟುಂಬದ ಕಿರಿಯ ಸದಸ್ಯ. ಒಂದು ಮೀಟರ್ ಆಸುಪಾಸಿನ ರಸ್ತೆತಳಕ್ಕೆ ಅದು ಸಾಕು, ಮನೆಯ ಪಾಯಕ್ಕೆ ಸಾಲದು.

ನೀಗಾಟಾದ ನಂತರ

1964ರ ಜೂನ್ 16ರ ಭೂಕಂಪದಲ್ಲಿ ಜಪಾನಿನ ನೀಗಾಟಾದ ಕವಾಗಿಶಿ-ಚೋ ವಸತಿ ಕಟ್ಟಡಗಳು ಒಡೆಯದೆ ಹಾಗೇ ವಾಲಿದವು, ಒಂದಂತೂ ಮಲಗಿಯೇಬಿಟ್ಟಿತು. ನೀರು ತುಂಬಿದ ಸಡಿಲ ಮರಳು ಅಲುಗಾಟಕ್ಕೆ ದ್ರವದಂತಾಗಿತ್ತು. ಜಪಾನಿನ ಎಂಜಿನಿಯರರು ಹಾನಿಯಾದ ಜಾಗಗಳ ಮತ್ತು ಆಗದ ಜಾಗಗಳ ಎನ್ ಅಂಕೆಗಳನ್ನು ಎದುರುಬದುರಿಟ್ಟು ನೋಡಿದಾಗ ಎರಡರ ನಡುವೆ ಗೆರೆ ಎಳೆಯಲು ಸಾಧ್ಯವಾಯಿತು. 1971ರಲ್ಲಿ ಸೀಡ್ ಮತ್ತು ಇದ್ರಿಸ್ ಮಂಡಿಸಿದ ಸರಳ ವಿಧಾನ ಇಂದಿಗೂ ಇದರ ತಳಹದಿ, ನಮ್ಮ ಐಎಸ್ 1893 ಕೂಡ ಅದೇ ಹಾದಿಯದು. ತಿದ್ದಿದ ಅಂಕೆ 30 ಮೀರಿದ ಶುದ್ಧ ಮರಳು ಹೀಗೆ ದ್ರವವಾಗದು ಎಂಬುದು ಅದರಿಂದ ಬಂದ ರೂಢಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದ ನೂರಾರು ಬೋರ್‌ಗಳ ಅಂಕೆ ಒಟ್ಟುಗೂಡಿಸಿ ಕಂಪನಕ್ಕೆ ಯಾವ ಭಾಗ ಹೇಗೆ ಸ್ಪಂದಿಸೀತು ಎಂಬ ನಕ್ಷೆ ಮಾಡಿದ್ದೂ ಉಂಟು. ಒಂದೊಂದು ಮನೆಗೆಂದು ಹೊಡೆದ ಬೋರ್‌ಗಳು ಕಡತದಲ್ಲಿ ಕೊಳೆಯದೆ ಹೀಗೆ ಕೂಡಿದರೆ ಊರಿಗೇ ಉಪಯೋಗ.

ವರದಿಯನ್ನು ಓದುವಾಗ

ಸಾಯಿಲ್ ಟೆಸ್ಟಿನ ಖರ್ಚು ಕಟ್ಟಡದ ಒಟ್ಟು ಖರ್ಚಿನಲ್ಲಿ ಸಾಮಾನ್ಯವಾಗಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಆದರೂ ವರದಿಯಲ್ಲಿ ಹೆಚ್ಚಿನವರು ನೋಡುವುದು ಕೊನೆಯ ಪುಟದ ಎಸ್‌ಬಿಸಿ ಸಾಲೊಂದನ್ನೇ. ಬೋರ್ ಲಾಗ್ ಎಂಬ ಪುಟವೇ ಮುಖ್ಯ. ಅದರಲ್ಲಿ ಪ್ರತಿ 15 ಸೆಂಟಿಮೀಟರಿನ ಪೆಟ್ಟು ಬೇರೆಬೇರೆ ಬರೆದಿರಬೇಕು, ಬರೀ ಮೊತ್ತವಲ್ಲ. 4, 5, 31 ಎಂದಿದ್ದರೆ ಕೊನೆಯಲ್ಲಿ ಪದರ ಬದಲಾಗಿದೆ ಅಥವಾ ಕಲ್ಲು ತಗಲಿದೆ, ಮೊತ್ತ 36 ಅದನ್ನು ಮುಚ್ಚಿಡುತ್ತದೆ. ಗುಂಡು ಯಾವ ಬಗೆಯದು, ಬರೆದ ಅಂಕೆ ಹಸಿಯದೋ ತಿದ್ದಿದ್ದೋ, ನೀರು ಎಷ್ಟು ಆಳದಲ್ಲಿ ಯಾವ ತಾರೀಕಿಗೆ ಕಂಡಿತು, ಕೊರೆತ ಏಕೆ ನಿಂತಿತು ಎಂಬುದೂ ಇರಬೇಕು. ಎಲ್ಲ ಬೋರಿನಲ್ಲೂ ಆಳದ ಜೊತೆ ಅಂಕೆ ಮೆಟ್ಟಿಲು ಮೆಟ್ಟಿಲಾಗಿ ಚೆಂದವಾಗಿ ಏರುತ್ತಿದ್ದರೆ ಅದು ನೆಲದಲ್ಲಿ ಎಣಿಸಿದ್ದೋ ಮೇಜಿನ ಮೇಲೆ ಬರೆದದ್ದೋ ಎಂದು ಕೇಳಬೇಕಾಗುತ್ತದೆ, ಮಣ್ಣು ಅಷ್ಟು ಶಿಸ್ತಿನದಲ್ಲ. ಪಾಯ ಅಗೆದಾಗ ಗುಂಡಿಯ ಗೋಡೆಯಲ್ಲಿ ಕಾಣುವ ಪದರಗಳನ್ನು ಲಾಗಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ಲಾಗಿನಲ್ಲಿ ಕೆಂಪು ಮಣ್ಣು ಎಂದಿರುವ ಆಳದಲ್ಲಿ ಕಪ್ಪು ಹೂಳು ಬಂದರೆ ಕಾಂಕ್ರೀಟ್ ಲಾರಿಯನ್ನು ವಾಪಸು ಕಳಿಸಿ, ಎಂಜಿನಿಯರನ್ನು ಕರೆಸಿ, ಅದೇ ಜಾಗದಲ್ಲಿ ಇನ್ನೊಂದು ಬೋರ್ ಹೊಡೆಸಬೇಕು.